ಅಮ್ಮನ ಊಟದ ಹೊತ್ತು

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಹೊಸತರಲ್ಲಿ ನಾನು ಸಂಜೆ ಹೋಗುತ್ತಿದ್ದೆ. ಕೈ ಹಿಡಿದು ಒಂದು ಗಂಟೆ ಸುಮ್ನೆ ಕೂತು ಬರುತ್ತಿದ್ದೆ. ಆ ಹೊತ್ತಿಗೆ ತಲೆ ಬಾಚಿ, ಬಟ್ಟೆ ಬದಲಿಸಿ ಎಲ್ಲ ಅಚ್ಚುಕಟ್ಟಾಗಿರುತ್ತಿತ್ತು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಅಮ್ಮ ಅರ್ಧ ಮಲಗಿದ ಹಾಗೆ ಒರಗಿದ್ದಳು. ಕೆನ್ನೆಯೊಳಗೆ ಮೊದಲಿನ ತುತ್ತು ಹಾಗೇ ಉಳಿದಿತ್ತು, ಅದರ ಮೇಲೆ ಇನ್ನೊಂದು ಬಿತ್ತು. ಕೆಮ್ಮು ಶುರುವಾಯಿತು.

ಆಯಾನ ಬಯ್ಯಲು ಬಾಯಿ ಬರಲಿಲ್ಲ. ಅವರೊಬ್ಬರೇ ನಾಲ್ಕು ಜನರಿಗೆ ಉಣಿಸುತ್ತಿದ್ದರು. ಅವತ್ತಿನಿಂದ ನನ್ನ ಭೇಟಿಯನ್ನು ಊಟದ ಹೊತ್ತಿಗೆ ಬದಲಾಯಿಸಿಕೊಂಡೆ.

ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ನುಂಗುವುದೂ ಮರೆತುಹೋಗುತ್ತದೆ. ತುತ್ತು ಶ್ವಾಸಕೋಶದ ಕಡೆ ಜಾರಿದರೆ ನ್ಯುಮೋನಿಯಾ ಆಗಬಹುದು. ನುಂಗುವುದನ್ನು ಪರೀಕ್ಷಿಸಲು ಬಂದ ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟಂತೆ ಅವಳನ್ನು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬರುವ ಹಾಗೆ ದಿಂಬು ಇಡುತ್ತೇನೆ. ಅರ್ಧ ಟೀ ಚಮಚಕ್ಕಿಂತ ಜಾಸ್ತಿ ಇಲ್ಲ. ಚಮಚವನ್ನು ಕೆಳತುಟಿಗೆ ತಾಕಿಸಿದರೆ ಬಾಯಿ ತಾನಾಗಿ ತೆರೆಯುತ್ತದೆ. ಆಮೇಲೆ ಅವಳ ಗಂಟಲನ್ನೇ ನೋಡುತ್ತೇನೆ. ಅದು ಮೇಲೇರಿ ಇಳಿದರೆ ಮಾತ್ರ ಮುಂದಿನ ತುತ್ತು. ಕೆಲವೊಮ್ಮೆ ಖಾಲಿ ಚಮಚ ಇಟ್ಟರೂ ಉಳಿದದ್ದನ್ನು ನುಂಗುತ್ತಾಳೆ. ದನಿ ನೀರು ತುಂಬಿದ ಹಾಗೆ ಗುಳುಗುಳು ಅಂದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಇದಕ್ಕೆಲ್ಲ ನಲವತ್ತು ನಿಮಿಷ ಬೇಕು. ಗಂಟಲಲ್ಲಿ ಬೇಗ ಜಾರದಿರಲಿ ಅಂತ ಮಂದ ಮಾಡಿದ ನೀರನ್ನು ಮಾತ್ರ ಮುಖ ಸಿಂಡರಿಸಿ ಉಗುಳುತ್ತಾಳೆ. ನಾನೂ ಒಂದು ಗುಟುಕು ರುಚಿ ನೋಡಿದೆ, ಅವಳ ಸಿಟ್ಟು ಸರಿಯಾಗಿಯೇ ಇದೆ.

ತೂಕ ಇಳಿಯತೊಡಗಿದಾಗ ತಮ್ಮ ಕೇಳಿದ, "ಹೊಟ್ಟೆಗೆ ನೇರ ಊಟ ಹೋಗೋ ನಳಿಗೆ ಹಾಕಿಸೋಣ, ಹಸಿದುಕೊಂಡು ಇರಲಿ ಅಂತ ಬಿಡ್ತೀಯಾ?" ಆ ಮಾತು ಚುಚ್ಚಿತು. ಇಬ್ಬರೂ ವೈದ್ಯರ ಮುಂದೆ ಕೂತೆವು. ಈ ಹಂತದಲ್ಲಿ ನಳಿಗೆಯಿಂದ ಆಯಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾನೂ ತಪ್ಪುವುದಿಲ್ಲ ಅಂದರು. ಅವಳು ಅದನ್ನು ಕೀಳಲು ಹೋದರೆ ಕೈ ಕಟ್ಟಬೇಕಾಗಬಹುದು. ದೇಹವೇ ಊಟ ಬೇಡ ಅನ್ನತೊಡಗಿದೆ ಅಂತ ವೈದ್ಯರು ಬಿಡಿಸಿ ಹೇಳಿದ ಮೇಲೆ ತಮ್ಮ ಸುಮ್ಮನಾದ. ಒಪ್ಪಿದ ಅಂತ ಹೇಳಲಾರೆ.

ನೋವಿನ ವಿಷಯ ಇದಕ್ಕಿಂತ ಕಷ್ಟ. ಒಂದು ವಾರ ಅಮ್ಮ ಮಗ್ಗುಲು ಬದಲಿಸುವಾಗಲೆಲ್ಲ ಮುಲುಗಿ ಕೈ ತಳ್ಳುತ್ತಿದ್ದಳು. ದಾಖಲೆ ಪುಸ್ತಕದಲ್ಲಿ "ಹಠ" ಅಂತ ಬರೆದಿದ್ದರು. ಮಾತೇ ಇಲ್ಲದವಳು ಇನ್ನೇನು ಮಾಡಬೇಕು, ಅಲ್ವಾ? ಮಾತಾಡಲಾರದವರಿಗಾಗಿಯೇ ನೋವು ಅಳೆಯುವ ಒಂದು ಪಟ್ಟಿ ಇದೆ, ಪೇನ್ಯಾಡ್ ಅಂತ. ಉಸಿರು, ದನಿ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ತಣ್ಣಗಾಗುತ್ತಾರಾ, ಈ ಐದಕ್ಕೆ 0ಯಿಂದ 2ರವರೆಗೆ ಅಂಕ, ಒಟ್ಟು 10. ಅಮ್ಮನಿಗೆ 7 ಬಂತು. ನರ್ಸ್ ಹೊಟ್ಟೆ ಮುಟ್ಟಿ ನೋಡಿದರು. ಐದು ದಿನದಿಂದ ಮಲ ಹೋಗಿರಲಿಲ್ಲ! ಅದಕ್ಕೆ ಮದ್ದು ಕೊಟ್ಟ ಎರಡನೇ ದಿನಕ್ಕೆ "ಹಠ" ಮಾಯ. ಈಗ ಅವಳು ಏಕಾಏಕಿ ಬದಲಾದರೆ ಮೊದಲು ಮಲ, ಮೂತ್ರದ ಸೋಂಕು, ಹಲ್ಲು ನೋಡಿ ಅನ್ನುತ್ತೇನೆ.

ಮಗ್ಗುಲು ಬದಲಿಸಿದ್ದನ್ನು ಪುಸ್ತಕದಲ್ಲಿ ನೋಡಿ ನಂಬುವುದಿಲ್ಲ. ಮಲಗಿದಲ್ಲೇ ಒತ್ತಿ ಹುಣ್ಣಾಗಿದೆಯಾ ಅಂತ ಹಿಮ್ಮಡಿ, ಬೆನ್ನಿನ ಬುಡ ಎರಡನ್ನೂ ನಾನೇ ನೋಡುತ್ತೇನೆ.

ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಕೇಳುವುದನ್ನೂ ಬಿಟ್ಟಿದ್ದೇನೆ. ಈ ವಾರ ಐದಾರು ಚಮಚಕ್ಕೆ ತುಟಿ ಮುಚ್ಚುತ್ತಾಳೆ. ಮೊದಲಾದರೆ ಇನ್ನೊಂದೇ ಒಂದು ಅಂತ ಪೂಸಿ ಹೊಡೆಯುತ್ತಿದ್ದೆ. ಈಗ ಚಮಚ ಕೆಳಗಿಟ್ಟು, ಒದ್ದೆ ಬಟ್ಟೆಯಿಂದ ಕೆನ್ನೆಯೊಳಗೆ ಒರೆಸಿ, ಅರ್ಧ ಗಂಟೆ ಅವಳನ್ನು ನೆಟ್ಟಗೆ ಕೂರಿಸಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ನಾನಿಲ್ಲದ ದಿನಕ್ಕೆ ಮಂಚದ ತಲೆಯ ಬಳಿ ಚೀಟಿ ಅಂಟಿಸಿದ್ದೇನೆ: "ಊಟವಾದ ಅರ್ಧ ಗಂಟೆ ಮಲಗಿಸಬೇಡಿ."