7.5 ಫ್ರೇಮ್‌ನಲ್ಲೇ ಸ್ಟೆಂಟ್: ನನ್ನ ಅನುಭವ

'7.5 ಫ್ರೇಮ್‌ನಲ್ಲಿ ವೈರ್ ಕಾಣಲ್ಲ' ಎಂದು ನಮ್ಮ ಕ್ಯಾಥ್ ಲ್ಯಾಬ್‌ನಲ್ಲಿ (ಎಕ್ಸ್-ರೇ ನೋಡಿಕೊಂಡು ಹೃದಯದ ರಕ್ತನಾಳ ತೆರೆಯುವ ಕೋಣೆ) ಎಲ್ಲರೂ ಹೇಳಿದ್ದರು. ಫ್ರೇಮ್ ಅಂದರೆ ಯಂತ್ರ ಸೆಕೆಂಡಿಗೆ ತೆಗೆಯುವ ಎಕ್ಸ್-ರೇ ಚಿತ್ರಗಳ ಲೆಕ್ಕ, ವೈರ್ ಅಂದರೆ ರಕ್ತನಾಳದೊಳಗೆ ತೂರಿಸುವ ಸಪೂರ ತಂತಿ. ಈಗ ಒಂದೂವರೆ ವರ್ಷದಿಂದ ಹೆಚ್ಚುಕಮ್ಮಿ ಎಲ್ಲ ಆಂಜಿಯೋಪ್ಲಾಸ್ಟಿಯೂ ಅದರಲ್ಲೇ ನಡೆಯುತ್ತಿದೆ.

ಶುರುವಾದದ್ದು ಒಬ್ಬ ರೋಗಿಯ ಬೆನ್ನಿನಿಂದ. ಹೃದಯದ ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿತ್ತು, ಕೇಸ್ ಮೂರು ಗಂಟೆ ಎಳೆಯಿತು. ಎಕ್ಸ್-ರೇ ಟ್ಯೂಬ್ ಬಹುಪಾಲು ಒಂದೇ ಕೋನದಲ್ಲಿತ್ತು. ಮಾನಿಟರ್‌ನಲ್ಲಿ ಕಿರಣದ ಡೋಸ್ 6 ಗ್ರೇ ದಾಟಿತ್ತು. ಸ್ಟೆಂಟ್ ಚೆನ್ನಾಗಿ ಕೂತಿತು, ಮನೆಗೆ ಹೋದರು. ಮೂರು ವಾರ ಆದಮೇಲೆ ಬಲ ಬೆನ್ನಿನಲ್ಲಿ ಅಂಗೈಯಗಲ ಕೆಂಪು ಕಲೆ. ಊರಲ್ಲಿ ಹುಳುಕಡ್ಡಿ ಎಂದು ಮುಲಾಮು ಕೊಟ್ಟಿದ್ದರು. ಹುಳುಕಡ್ಡಿ ಅಷ್ಟು ನೇರ ಅಂಚಿನ ಚೌಕವಾಗಿ ಬರುತ್ತಾ? ಅದು ಎಕ್ಸ್-ರೇ ಕಿರಣದ ಗಾಯ. ಕಿರಣ ಹೊಡೆಯುವುದು ಚರ್ಮದ ತಳದಲ್ಲಿ ಹೊಸದಾಗಿ ಹುಟ್ಟುವ ಜೀವಕೋಶಗಳನ್ನು. ಮೇಲಿನ ಪದರ ಸವೆಯುವ ತನಕ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕ್ಯಾಥ್ ಲ್ಯಾಬ್ ಯಾರಿಗೂ ನೆನಪಿರುವುದಿಲ್ಲ.

ಅದೇ ವರ್ಷ ನಮ್ಮ ಹಿರಿಯ ಡಾಕ್ಟರಿಗೆ ಎಡಗಣ್ಣಿನ ಮಸೂರದ ಹಿಂಭಾಗ ಮಸುಕಾಗಿದೆ ಎಂದು ಗೊತ್ತಾಯಿತು. ಎಡಗಣ್ಣೇ ಯಾಕೆ ಅಂದರೆ, ರೋಗಿಯ ಎದೆಗೆ ಬಡಿದು ಚದುರಿದ ಕಿರಣ ಡಾಕ್ಟರಿಗೆ ಬರುವುದು ಆ ಕಡೆಯಿಂದಲೇ. ಮೈಗೆ ತಗಲುವ ಕಿರಣ ಅಳೆಯುವ ಅವರ ಬ್ಯಾಡ್ಜ್‌ನ ರಿಪೋರ್ಟ್ ಮಾತ್ರ ಪ್ರತಿ ಮೂರು ತಿಂಗಳಿಗೂ ಶುದ್ಧವಾಗಿ ಬರುತ್ತಿತ್ತು. ಕಿರಣ ತಡೆಯುವ ಏಪ್ರನ್ ಒಳಗಿನ ಬ್ಯಾಡ್ಜ್ ಕಣ್ಣಿನ ಕಥೆ ಹೇಳುವುದಿಲ್ಲ. ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ (ಮೈಗೆ ತಗಲುವ ಕಿರಣದ ಅಳತೆ) ಇದ್ದ ಮಿತಿಯನ್ನು 2011ರಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 20ಕ್ಕೆ ಇಳಿಸಿದ್ದು ಸುಮ್ನೆ ಅಲ್ಲ.

ಕಿರಣವನ್ನು ಆಗಲೇ ಅಳೆದು ತೋರಿಸುವ ಒಂದು ಪಾಕೆಟ್ ಡೋಸಿಮೀಟರ್ ತರಿಸಿದೆ. 20 ಸಾವಿರದ ಹತ್ತಿರ ಆಯಿತು, ಅರ್ಧ ನನ್ನ ಜೇಬಿನಿಂದ. ಕಾಲರ್‌ಗೆ, ಏಪ್ರನ್ ಹೊರಗೆ ಸಿಕ್ಕಿಸಿದೆ. ಒಂದು ಕೇಸಿಗೆ ಸರಾಸರಿ 45 ಮೈಕ್ರೋಸೀವರ್ಟ್ ತೋರಿಸಿತು.

ಮೊದಲ ಪ್ರಯತ್ನ ಕೆಟ್ಟಿತು. ಹಳೆಯ ಏಪ್ರನ್ ಕತ್ತರಿಸಿ ರೋಗಿಯ ಹೊಟ್ಟೆ ಮೇಲೆ ಹಾಸಿದೆ. ಎರಡು ದಿನ ರೀಡಿಂಗ್ ಇಳಿಯಿತು, ಮೂರನೇ ದಿನ ಏರಿತು. ಟೇಬಲ್ ಸರಿಸುವಾಗ ಅದರ ಅಂಚು ಕಿರಣದ ದಾರಿಗೆ ಬರುತ್ತಿತ್ತು. ಚಿತ್ರ ಕಪ್ಪಾಯಿತು ಎಂದು ಯಂತ್ರ ತಾನೇ ಡೋಸ್ ಏರಿಸುತ್ತಿತ್ತು. ರೋಗಿಗೂ ಜಾಸ್ತಿ, ನಮಗೂ ಜಾಸ್ತಿ. ಮೂಲೆಗೆ ಹಾಕಿದೆ.

ಆಮೇಲೆ ಫ್ರೇಮ್ ಇಳಿಸಲು ಒಬ್ಬ ಕಿರಿಯ ಡಾಕ್ಟರ್ ಒಪ್ಪಿದರು. ಮೊದಲು ಬರೀ ಆಂಜಿಯೋಗ್ರಾಮ್‌ಗೆ, ಎರಡು ತಿಂಗಳಾದಮೇಲೆ ಸ್ಟೆಂಟ್‌ಗೆ. 15ರಿಂದ 7.5ಕ್ಕೆ ಇಳಿಸಿದರೆ ಡೋಸ್ ಅರ್ಧ ಆಗುತ್ತದೆ ಎಂದುಕೊಳ್ಳಬೇಡಿ. ಪ್ರತಿ ಫ್ರೇಮ್‌ಗೆ ಯಂತ್ರ ಸ್ವಲ್ಪ ಜಾಸ್ತಿ ಕಿರಣ ಕೊಡುತ್ತದೆ. ನಮ್ಮಲ್ಲಿ ಮೂರನೇ ಒಂದು ಭಾಗ ಇಳಿಯಿತು, ಅಷ್ಟೇ. ಬಲೂನ್ ಉಬ್ಬಿಸುವಾಗ ಸಿನೆ (ಸ್ಪಷ್ಟ ಚಿತ್ರದ ರೆಕಾರ್ಡಿಂಗ್) ಬಿಟ್ಟು ಫ್ಲೋರೋವನ್ನೇ (ಕೆಲಸ ಮಾಡುತ್ತಾ ನೋಡುವ ನೇರ ಚಿತ್ರ) ಸೇವ್ ಮಾಡಿದ್ದು ಇನ್ನೂ ದೊಡ್ಡ ಲಾಭ. ಸಿನೆಯ ಒಂದು ಫ್ರೇಮ್ ಫ್ಲೋರೋ ಫ್ರೇಮ್‌ನ ಸುಮಾರು ಹತ್ತು ಪಟ್ಟು ತಿನ್ನುತ್ತದೆ.

ಎಲ್ಲಕ್ಕಿಂತ ದೊಡ್ಡ ಇಳಿಕೆ ತಂದದ್ದು ಸೀಲಿಂಗ್‌ನಿಂದ ತೂಗುವ ಲೆಡ್ ಗಾಜು. ಕೀಲು ಸಡಿಲವಾಗಿದೆ ಎಂದು ವರ್ಷಗಟ್ಟಲೆ ಗೋಡೆಗೆ ತಳ್ಳಿದ್ದರು. ರಿಪೇರಿಗೆ 4 ಸಾವಿರವೂ ಆಗಲಿಲ್ಲ. ಈಗ ಕಾಲರ್ ರೀಡಿಂಗ್ 9, 10 ಮೈಕ್ರೋಸೀವರ್ಟ್. ನಮಗೆ ಹೆಚ್ಚು ಕಿರಣ ಬೀಳುವ 'ಸ್ಪೈಡರ್ ವ್ಯೂ' ಎಂಬ ಕೋನದಲ್ಲಿ ಕೂಡ 15 ದಾಟುವುದಿಲ್ಲ. ಆ ಕೋನದಲ್ಲಿ ಗಾಜು ಎಲ್ಲಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಗೆ ಕೂತ ಲೆಕ್ಕ, ಬಂದರೆ ತೋರಿಸುತ್ತೇನೆ. 'ವೈರ್ ಕಾಣಲ್ಲ' ಎಂದವರೇ ಈಗ ಬೇರೆ ಲ್ಯಾಬ್‌ಗೆ ಹೋದಾಗ 7.5 ಕೇಳುತ್ತಾರಂತೆ.

ಇದರ ನಡುವೆ ಒಂದು ಭಾನುವಾರ ಲ್ಯಾಬ್‌ನ 11 ಏಪ್ರನ್‌ಗಳನ್ನೂ ಫ್ಲೋರೋ ಕೆಳಗೆ ಹರಡಿ ನೋಡಿದೆ. ಮೂರರಲ್ಲಿ ಬಿರುಕು, ಒಂದರಲ್ಲಿ ಸೊಂಟದ ಹತ್ತಿರ ಬೆರಳುದ್ದ. ಕುರ್ಚಿ ಬೆನ್ನಿಗೆ ಮಡಚಿ ಹಾಕಿದ್ದರ ಫಲ. ವೆಲ್ಡಿಂಗ್ ಅಂಗಡಿಯಲ್ಲಿ 1,800 ಕೊಟ್ಟು ದಪ್ಪ ಪೈಪಿನ ಸ್ಟ್ಯಾಂಡ್ ಮಾಡಿಸಿದೆ. ಹೊಸ ಏಪ್ರನ್ ಬೆಲೆಯ ಮುಂದೆ ಅದು ಏನೂ ಅಲ್ಲ.

ಈಗ 3 ಗ್ರೇ ಆದಾಗ ನಾನು ಜೋರಾಗಿ ಹೇಳುತ್ತೇನೆ, ಡಾಕ್ಟರ್ ಕೋನ ಬದಲಿಸುತ್ತಾರೆ. 5 ದಾಟಿದರೆ ಡಿಸ್ಚಾರ್ಜ್ ಚೀಟಿಗೆ ಕನ್ನಡದಲ್ಲಿ ಒಂದು ಸಾಲು ಸೇರಿಸುತ್ತೇವೆ: 'ಎರಡರಿಂದ ನಾಲ್ಕು ವಾರದೊಳಗೆ ಬೆನ್ನು ಕೆಂಪಾದರೆ ಕೆರೆಯಬೇಡಿ, ಮುಲಾಮು ಹಚ್ಚಬೇಡಿ, ಮೊದಲು ನಮಗೆ ಫೋನ್ ಮಾಡಿ.' ಹೋದ ತಿಂಗಳು ಒಬ್ಬರ ಮಗಳು ಫೋನ್ ಮಾಡಿದ್ದರು. ಫೋಟೋ ತರಿಸಿ ನೋಡಿದೆ. ಸೊಳ್ಳೆ ಕಚ್ಚಿದ್ದು.