ಬೇಸಿಗೆ ರಜೆಗೆ ವಾರಕ್ಕೊಬ್ಬ ಲೇಖಕರು: ನನ್ನ ಅನುಭವ

ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಪಂಚಾಯತ್ ರಾಜ್ ಇಲಾಖೆ 2020ರಲ್ಲಿ 'ಓದುವ ಬೆಳಕು' ಶುರು ಮಾಡಿದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಮಕ್ಕಳು ಬಂದು ಹೆಸರು ಬರೆಸಿದರು. ಆದರೆ ಹೆಸರು ಬರೆಸಿದವರೆಲ್ಲ ಪುಸ್ತಕ ಮುಟ್ಟುತ್ತಾರೆ ಅಂತೇನಿಲ್ಲ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ ಇರುತ್ತದಲ್ವಾ, ಆ ದಿನಗಳಿಗೆ ಅಂತಲೇ 'ವಾರಕ್ಕೊಬ್ಬ ಲೇಖಕರು' ಎಂಬ ಕಾರ್ಯಕ್ರಮ ಹಾಕಿಕೊಂಡೆ.

ಬಾಗಿಲ ಹತ್ತಿರ ಒಂದು ಮೇಜು ಹಾಕಿ, ಆ ವಾರದ ಲೇಖಕರ ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ಜೋಡಿಸಿದೆ. ಕಪಾಟಿನಲ್ಲಿ ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಮೂರನೇ ಕ್ಲಾಸಿನ ಮಗು ಎಳೆದು ನೋಡುವುದು ಕಡಿಮೆ.

ಮೊದಲ ವಾರ ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವರು ಅಂದೆ. "ಪೊಲೀಸಾ ಅಕ್ಕಾ?" ಅಂತ ಒಬ್ಬ ಕೇಳಿದ. ಆ ವಾರ ಓದು ಕೊನೆಗೆ, ಹಾಡು ಮೊದಲು. ಎಲ್ಲರಿಗೂ ಹಾಡು ಬಾಯಿಪಾಠ ಆದಮೇಲೆ ಅಚ್ಚಾದ ಪುಟ ಕೈಗೆ ಕೊಟ್ಟೆ. ಪದ ಮೊದಲೇ ಗೊತ್ತಿರುವುದರಿಂದ ಮಗು ಬೆರಳಿಟ್ಟುಕೊಂಡು ಹೋಗುತ್ತಾ ಅಕ್ಷರವನ್ನು ತಾನೇ ಗುರುತು ಹಿಡಿಯುತ್ತದೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ ಮಕ್ಕಳಿಗೂ ಇದು ಕೆಲಸ ಮಾಡಿತು. ಓದಲು ತಡವರಿಸುವ ಮಕ್ಕಳಿರುವ ಕಡೆ ಮೊದಲ ವಾರ ಹಾಡಿಗೇ ಇಡಿ ಅಂತ ಬೇರೆ ಮೇಲ್ವಿಚಾರಕರಿಗೂ ಹೇಳುತ್ತೇನೆ.

ಆಮೇಲೆ ಅನುಪಮಾ ನಿರಂಜನ. ವರ್ಷದ ದಿನಕ್ಕೊಂದರಂತೆ ಕಥೆ ಬರೆದ 'ದಿನಕ್ಕೊಂದು ಕಥೆ' ಅವರದು. ಬೆಳಿಗ್ಗೆ ಬಂದ ಕೂಡಲೇ ಅದರಿಂದ ಒಂದು ಕಥೆ ಓದುತ್ತಿದ್ದೆ. ಅವರು ವೈದ್ಯೆಯೂ ಹೌದು. ಹರೆಯದ ಹುಡುಗಿಯರಿಗಾಗಿ ಬರೆದ 'ಕೇಳು ಕಿಶೋರಿ'ಯನ್ನು ಮೇಜಿನ ತುದಿಗೆ ಇಟ್ಟು ಸುಮ್ನೆ ಇದ್ದೆ. ಅದರ ಬಗ್ಗೆ ಏನೂ ಹೇಳಲಿಲ್ಲ. ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಮನೆಗೆ ಒಯ್ದರು. ಅಮ್ಮನ ಹತ್ತಿರವೂ ಕೇಳಲಾಗದ್ದನ್ನು ಕನ್ನಡದಲ್ಲಿ, ಒಬ್ಬ ಡಾಕ್ಟರ್ ಬಾಯಿಂದ ತಿಳಿಯುವುದು ಸಣ್ಣ ವಿಷಯವಲ್ಲ.

ಶಿವರಾಮ ಕಾರಂತರ ವಾರದಲ್ಲಿ 'ಬಾಲಪ್ರಪಂಚ' ಮೇಜಿನ ಮೇಲಿತ್ತು. 1936ರಲ್ಲಿ, ಇಂಟರ್‌ನೆಟ್ ಬಿಡಿ, ಹಳ್ಳಿಗಳಲ್ಲಿ ಕರೆಂಟೇ ಇಲ್ಲದ ಕಾಲದಲ್ಲಿ, ಮಕ್ಕಳಿಗಾಗಿ ಮೂರು ಸಂಪುಟದ ವಿಶ್ವಕೋಶ ತಂದವರು ಅಂದಾಗ ದೊಡ್ಡ ಮಕ್ಕಳು ಬೆರಗಾದರು. ನಾವೂ ನಮ್ಮೂರಿನದೊಂದು ಮಾಡೋಣ ಅಂತ ದಪ್ಪ ನೋಟ್‌ಬುಕ್ ಕೊಟ್ಟೆ. ಕೆರೆ ಕೋಡಿ ಹೇಗೆ ಬೀಳುತ್ತದೆ, ರಾಗಿ ಕಣ ಹೇಗೆ ಮಾಡುತ್ತಾರೆ, ಹೊಂಗೆ ಹಿಂಡಿ ಯಾಕೆ ಹಾಕುತ್ತಾರೆ, ಹೀಗೆ ಮನೆಯ ಹಿರಿಯರನ್ನು ಕೇಳಿ ಬರೆದು ತಂದರು. ಆ ನೋಟ್‌ಬುಕ್ಕಿಗೂ ನಂಬರು ಹಾಕಿ ಕಪಾಟಿನಲ್ಲಿ ಇಟ್ಟಿದ್ದೇನೆ.

ತೇಜಸ್ವಿಯವರ ವಾರಕ್ಕೆ ಜಾಸ್ತಿ ಕಷ್ಟಪಡಬೇಕಾಗಲಿಲ್ಲ. ಅವರಿದ್ದ ಮೂಡಿಗೆರೆ ಪಕ್ಕದ ಜಿಲ್ಲೆಯಲ್ಲೇ ಇದೆ. ಕಾಫಿ ತೋಟದ ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಇರುವ ಮಕ್ಕಳಿಗೆ 'ಪರಿಸರದ ಕತೆ'ಯ ಕಾಡು, ನಾಯಿ, ಜನ ಎಲ್ಲ ಪರಿಚಿತವೇ. ಅರ್ಧ ಓದಿ ನಿಲ್ಲಿಸಿದೆ. ಮುಂದೇನು ಅಂತ ಗಲಾಟೆ. ಇದ್ದದ್ದು ಒಂದೇ ಪ್ರತಿ. ಚೀಟಿಯಲ್ಲಿ ಸರದಿ ಬರೆದು, ಒಬ್ಬರಿಗೆ ಒಂದು ರಾತ್ರಿ ಅಂತ ಮಾಡಿದೆ.

ಮನೆಗೆ ಕೊಡುವ ವಿಷಯದಲ್ಲಿ ನಾನು ಹಟಮಾರಿ. ಕಳೆದುಹೋಗುತ್ತದೆ, ಹರಿಯುತ್ತದೆ ಅಂತ ಅಲ್ಲೇ ಓದಿಸಿ ಕಳಿಸುವವರಿದ್ದಾರೆ. ಆದರೆ ಪುಸ್ತಕ ಮನೆಗೆ ಹೋದರೆ ಅಜ್ಜಿ ಕೇಳುತ್ತಾಳೆ, ತಮ್ಮ ಚಿತ್ರ ನೋಡುತ್ತಾನೆ. ಹರಿದರೆ ಹೊಲಿಯಬಹುದು. ಪುಟಕ್ಕೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಕೆಲವು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೂ ಕೆಡಿಸುತ್ತದೆ. ಮೈದಾ ಅಂಟು, ತೆಳ್ಳಗಿನ ಕಾಗದ ಸಾಕು.

ಕೊನೆಯ ವಾರ ನಮ್ಮ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆದೆ, ಮಕ್ಕಳ ಪದ್ಯ ಬರೆಯುತ್ತಾರೆ. ಭಾಷಣ ಬೇಡ, ಹೊಡೆದು ತಿದ್ದಿದ ಹಾಳೆಗಳನ್ನೇ ತನ್ನಿ ಸಾರ್ ಅಂತ ಮೊದಲೇ ಕೇಳಿಕೊಂಡಿದ್ದೆ. "ಈ ಸಾಲು ಯಾಕೆ ಹೊಡೆದು ಹಾಕಿದ್ರಿ ಸಾರ್?" ಅಂತ ಆರನೇ ಕ್ಲಾಸಿನ ಹುಡುಗಿ ಹಿಡಿದಳು. ಅವರು ಹಳೆಯ ಸಾಲು, ಹೊಸ ಸಾಲು ಎರಡನ್ನೂ ಓದಿ ಯಾವುದು ಚೆನ್ನ ಅಂತ ಕೇಳಿದರು. ಅರ್ಧ ಮಕ್ಕಳು ಹಳೆಯದೇ ಅಂದರು. ಮಧ್ಯಾಹ್ನದವರೆಗೆ ಅದೇ ಚರ್ಚೆ.

ಬರುವ ಬೇಸಿಗೆಗೆ ಜಿ. ಪಿ. ರಾಜರತ್ನಂ ಮತ್ತು ಬೊಳುವಾರು ಮಹಮ್ಮದ್ ಕುಂಞಿ ಅವರನ್ನು ಸೇರಿಸುತ್ತಿದ್ದೇನೆ. ಪ್ರತಿಗಳು ಬೇಕು. ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಓದುವವರಿಗಾಗಿಯೇ ಕಟ್ಟಿದ ದುಡ್ಡು. ಹಾಗಾಗಿ ಪಂಚಾಯಿತಿಗೆ ಕೊಟ್ಟ ಈ ಸಲದ ಖರೀದಿ ಪಟ್ಟಿಯಲ್ಲಿ ಮಕ್ಕಳ ಪುಸ್ತಕಗಳನ್ನೇ ಮೇಲೆ ಬರೆದಿದ್ದೇನೆ, 'ಪರಿಸರದ ಕತೆ'ಗೆ ಮೂರು ಪ್ರತಿ ಕೇಳಿದ್ದೇನೆ.