ನಿಮ್ಮ ಕ್ಷೇತ್ರದ ಚುನಾವಣಾ ಲೆಕ್ಕ ನೋಡುವುದು ಹೇಗೆ?

ವಿಧಾನಸಭೆ ಚುನಾವಣೆಗೆ ನಿಂತ ಪ್ರತಿ ಅಭ್ಯರ್ಥಿಯೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸೋತವರೂ ಕೊಡಬೇಕು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು, ಶುಲ್ಕ 1 ರೂಪಾಯಿ. ಈ ಹಕ್ಕು ಇರುವುದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ.

ಮೊದಲು ಕಚೇರಿಗೆ ಹೋಗಿ

ಲೆಕ್ಕ ಇರುವುದು ಜಿಲ್ಲಾ ಚುನಾವಣಾಧಿಕಾರಿಯ ಬಳಿ. ಬಹುತೇಕ ಜಿಲ್ಲೆಗಳಲ್ಲಿ ಡಿಸಿಯವರೇ ಈ ಅಧಿಕಾರಿ. ಲೆಕ್ಕ ಬಂದ 2 ದಿನದೊಳಗೆ ಅದನ್ನು ಎಲ್ಲಿ, ಯಾವಾಗ ನೋಡಬಹುದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಚುನಾವಣಾ ಆಯೋಗ ಗೊತ್ತು ಮಾಡಿದ ಶುಲ್ಕ ಕಟ್ಟಿದರೆ ದೃಢೀಕರಿಸಿದ ಪ್ರತಿಯೂ ಸಿಗುತ್ತದೆ. ಪ್ರತಿ ತೆಗೆದುಕೊಳ್ಳಿ. ಮನೆಯಲ್ಲಿ ಕೂತು ನಿಧಾನವಾಗಿ ಓದಿದರೇ ಗೊತ್ತಾಗುವುದು.

ಲೆಕ್ಕದಲ್ಲಿ ಏನು ಹುಡುಕಬೇಕು?

ಖರ್ಚಿನ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕಿನ ವಹಿವಾಟು. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2020ರವರೆಗೆ ಅದು 28 ಲಕ್ಷ, ಆಮೇಲೆ 2022ರ ಆರಂಭದವರೆಗೆ 30.8 ಲಕ್ಷ ಇತ್ತು. ಇಡೀ ಚುನಾವಣೆಯಲ್ಲಿ ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡುವಂತಿಲ್ಲ.

ಆಮೇಲೆ ನಿಮ್ಮ ಕಣ್ಣಿಗೆ ಕಂಡದ್ದರ ಜೊತೆ ಹೋಲಿಸಿ. ಊರಿನ ಮೈದಾನದಲ್ಲಿ ನಡೆದ ದೊಡ್ಡ ಸಭೆ ಆ ದಿನದ ಬಿಳಿ ಹಾಳೆಯಲ್ಲಿ ಇದೆಯಾ? ಕುರ್ಚಿ, ಶಾಮಿಯಾನ, ಊಟ, ವಾಹನ ಎಲ್ಲಕ್ಕೂ ಜಿಲ್ಲಾಡಳಿತವೇ ಮೊದಲು ದರಪಟ್ಟಿ ಮಾಡಿರುತ್ತದೆ. ಅದನ್ನೂ ಕೇಳಿ ಪಡೆಯಿರಿ. ಪ್ರಚಾರದ ಸಮಯದಲ್ಲಿ ತಾರೀಖು ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡರೆ ಈ ಕೆಲಸ ಸುಲಭ.

ಫೇಸ್‌ಬುಕ್, ಯೂಟ್ಯೂಬ್ ಜಾಹೀರಾತಿನ ಹಣವನ್ನೂ ಲೆಕ್ಕದಲ್ಲಿ ತೋರಿಸಬೇಕು ಎಂದು ಆಯೋಗ 2013ರಲ್ಲೇ ಹೇಳಿದೆ. ಮೆಟಾ ಮತ್ತು ಗೂಗಲ್ ಎರಡೂ ರಾಜಕೀಯ ಜಾಹೀರಾತುಗಳ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿವೆ. ಅಲ್ಲಿ ಅಭ್ಯರ್ಥಿಯ ಹೆಸರು ಹಾಕಿ ಹುಡುಕಿ. ಜಾಹೀರಾತಿಗೆ ಯಾರು ಹಣ ಕೊಟ್ಟರು, ಸುಮಾರು ಎಷ್ಟು ಎಂಬುದು ಕಾಣುತ್ತದೆ.

ಪಕ್ಷಕ್ಕೆ ಹಣ ಕೊಟ್ಟವರು ಯಾರು?

ದಾರಿ ಕಷ್ಟವಾಗುವುದು ಇಲ್ಲಿಂದಲೇ. ಅಭ್ಯರ್ಥಿಗೆ 40 ಲಕ್ಷದ ಮಿತಿ ಇದೆ, ಪಕ್ಷಕ್ಕೆ ಯಾವ ಮಿತಿಯೂ ಇಲ್ಲ. ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬಂದ ದೇಣಿಗೆಯ ವಿವರವನ್ನು ಮಾತ್ರ ಪಕ್ಷ ಆಯೋಗಕ್ಕೆ ಕೊಡಬೇಕು. ಆ ವರದಿಗಳು ಆಯೋಗದ ವೆಬ್‌ಸೈಟಿನಲ್ಲಿವೆ. ಕಂಪನಿಗಳ ಹಣವನ್ನು ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟ್‌ಗಳ ವರದಿಯನ್ನೂ ಅಲ್ಲೇ ಓದಬಹುದು. ಹೆಸರು ಬಯಲಾಗದಂತೆ ಪಕ್ಷಗಳಿಗೆ ಹಣ ಕೊಡಲು 2018ರಲ್ಲಿ ಶುರುವಾದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿತು. 2019ರ ಏಪ್ರಿಲ್ 12ರ ನಂತರದ ಬಾಂಡುಗಳನ್ನು ಯಾರು ಕೊಂಡರು, ಯಾವ ಪಕ್ಷ ನಗದು ಮಾಡಿಕೊಂಡಿತು ಎಂಬ ಪಟ್ಟಿಯೂ ಅದೇ ವೆಬ್‌ಸೈಟಿನಲ್ಲಿದೆ.

ಆದರೆ ವರದಿ ಬರುವುದು ವರ್ಷಕ್ಕೆ ಒಂದೇ ಸಲ. ಕರ್ನಾಟಕ ಮತ ಹಾಕಿದ್ದು 2023ರ ಮೇ 10ಕ್ಕೆ. ಆ ತಿಂಗಳು ಬಂದ ದೇಣಿಗೆ 2023–24ರ ಲೆಕ್ಕಕ್ಕೆ ಸೇರುತ್ತದೆ. ಅಂದರೆ ಹೆಸರುಗಳನ್ನು ನೋಡಲು 2024ರ ಕೊನೆಯವರೆಗೆ ಕಾಯಬೇಕಾಯಿತು. ಮತ ಹಾಕುವ ಮುಂಚೆ ಬೇಕಾದ ಮಾಹಿತಿ ಇದು, ಅಲ್ವಾ?

ಕೈಯಿಂದ ಕೈಗೆ ನೋಟು ಕೊಡುತ್ತಿದ್ದ ಕಾಲದಲ್ಲಿ ಸಣ್ಣ ದೇಣಿಗೆ ಕೊಟ್ಟವರ ಹೆಸರು ಬರೆದಿಡುವುದು ಕಷ್ಟವಿತ್ತು. ಈಗ ಯುಪಿಐನಲ್ಲಿ 100 ರೂಪಾಯಿ ಕಳಿಸಿದರೂ ಕಳಿಸಿದವರ ಖಾತೆ ಯಾವುದೆಂದು ಬ್ಯಾಂಕಿಗೆ ಗೊತ್ತು. ಹಾಗಿರುವಾಗ ಪಕ್ಷಗಳು ವಾರಕ್ಕೊಮ್ಮೆ ದೇಣಿಗೆಯ ಲೆಕ್ಕ ಪ್ರಕಟಿಸುವುದಕ್ಕೆ ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ. ಐನೂರು, ಸಾವಿರ ಕೊಟ್ಟ ಸಾಮಾನ್ಯರ ಹೆಸರನ್ನೆಲ್ಲ ಬಯಲಿಗೆ ತರುವುದು ಬೇಡ, ಅವರಿಗೆ ತೊಂದರೆಯಾಗಬಹುದು. ಇದಕ್ಕೊಂದು ದಾರಿಯನ್ನು ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ಕಾನೂನು ಆಯೋಗ 2015ರ ವರದಿಯಲ್ಲೇ ಹೇಳಿದೆ. 20,000 ರೂಪಾಯಿ ದಾಟದ ಸಣ್ಣ ದೇಣಿಗೆಗಳ ಮೊತ್ತ 20 ಕೋಟಿ ರೂಪಾಯಿ ಅಥವಾ ಒಟ್ಟು ದೇಣಿಗೆಯ ಶೇ 20, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ದಾಟಿದರೆ ಅವುಗಳ ವಿವರವನ್ನೂ ಕೊಡಬೇಕು ಎಂಬುದು ಅದರ ಸಲಹೆ.

ಬದಲಾವಣೆ ಕೇಳುವುದು ಯಾರನ್ನು?

ಪಕ್ಷಗಳ ದೇಣಿಗೆಯ ಕಾನೂನು ಸಂಸತ್ತಿನದು. ಹಾಗಾಗಿ ಚುನಾವಣೆಗೆ ಮುಂಚೆಯೇ ದೇಣಿಗೆಯ ವಿವರ ಬರಬೇಕು, ಪಕ್ಷದ ಖರ್ಚಿಗೂ ಮಿತಿ ಬೇಕು ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಪಂಚಾಯಿತಿ, ಪಾಲಿಕೆ ಚುನಾವಣೆಗಳ ಕಾನೂನು ಮಾಡುವುದು ನಮ್ಮ ವಿಧಾನಮಂಡಲ. ಆ ಚುನಾವಣೆಗಳ ಖರ್ಚಿನ ಲೆಕ್ಕವೆಲ್ಲ ಫೋನಿನಲ್ಲೇ ಓದಲು ಸಿಗಬೇಕು ಎಂದು ನಿಮ್ಮ ಶಾಸಕರನ್ನು ಕೇಳಿ. ಪತ್ರದ ಜೊತೆ ನೀವು ತಂದ ಲೆಕ್ಕದ ಪ್ರತಿಯನ್ನೂ ಇಡಿ.